ತಾರೀಖು ಬರೆಯದ ರಾಜೀನಾಮೆ

ಕೆಲಸಕ್ಕೆ ಸೇರುವ ದಿನ ಕಾಗದ ಓದುವ ವ್ಯವಧಾನ ಯಾರಿಗಿರುತ್ತದೆ? ಕೆಲಸ ಸಿಕ್ಕಿತಲ್ಲ ಎಂಬ ಖುಷಿಯಲ್ಲಿ ಬೆರಳು ತೋರಿಸಿದ ಕಡೆಯೆಲ್ಲ ಸಹಿ ಹಾಕಿ ಬರುತ್ತೇವೆ. ಬಿಷ್ಕೆಕ್‌ನ ಸೈಕಾಲ್ ಕೂಡ ಹಾಗೇ ಮಾಡಿದಳು.

ಅದೊಂದು ಸಣ್ಣ ಜಾಹೀರಾತು ಕಚೇರಿ. ಔಷಧಿ ಅಂಗಡಿಯ ಮೇಲೆ ಎರಡು ಕೋಣೆ, ಏಳು ಜನ ನೌಕರರು, ಒಬ್ಬ ಯಜಮಾನ. ಮೊಸರಿನ ಕಂಪನಿ, ಹಲ್ಲಿನ ಡಾಕ್ಟರು, ಮದುವೆ ಛತ್ರದವರು, ಯಾರು ಬಂದರೂ ಅವರಿಗೆ ಬೋರ್ಡು, ಕರಪತ್ರ, ಫೋನಿನಲ್ಲಿ ಓಡಾಡುವ ಜಾಹೀರಾತು ಮಾಡಿಕೊಡುತ್ತಿದ್ದರು. ಸೈಕಾಲ್‌ಗೆ ಬರಹದ ಕೆಲಸ. ಸೇರುವ ದಿನ ಯಜಮಾನ ತಿಲೆಕ್ ಮುಂದಿಟ್ಟ ಕಾಗದಗಳಲ್ಲಿ ರಾಜೀನಾಮೆ ಪತ್ರವೂ ಒಂದಿತ್ತು. 'ನನ್ನ ಸ್ವಂತ ಇಚ್ಛೆಯಿಂದ ಕೆಲಸ ಬಿಡುತ್ತಿದ್ದೇನೆ' ಎಂದು ಬರೆದಿತ್ತು. ತಾರೀಖಿನ ಜಾಗ ಮಾತ್ರ ಖಾಲಿ.

ಸೇರುವ ದಿನವೇ ಬಿಡುವ ಪತ್ರ ಯಾಕೆ ಎಂದು ಕೇಳಬೇಕೆನ್ನಿಸಿತು. ಕೇಳಲಿಲ್ಲ. ತಿಲೆಕ್ ಅವಳ ಮುಖ ನೋಡಿ ನಕ್ಕ. ಎಲ್ಲ ಕಡೆಯೂ ಇರುವ ಪದ್ಧತಿ ಇದು, ಸುಮ್ಮನೆ ಡ್ರಾಯರಿನಲ್ಲಿ ಬಿದ್ದಿರುತ್ತದೆ ಎಂದ. ತನ್ನನ್ನು ಯಾರೂ ಸಾಹೇಬರೇ ಎನ್ನಬಾರದು, ಬಾಯ್ಕೆ ಎನ್ನಬೇಕು, ತಾನು ಎಲ್ಲರಿಗೂ ಅಣ್ಣನಿದ್ದ ಹಾಗೆ ಎಂದ. ಅಣ್ಣನ ಮುಂದೆ ಕಾಗದ ಹಿಡಿದು ಪ್ರಶ್ನೆ ಕೇಳುವುದುಂಟೇ? ನಮ್ಮಲ್ಲಿ ಹುಡುಗಿಯರಿಗೆ ನಡೆಯಲು ಕಲಿಸುವ ಮೊದಲೇ ನಾಚಿಕೆ ಕಲಿಸಿರುತ್ತಾರೆ. ಸೈಕಾಲ್ ಸಹಿ ಹಾಕಿದಳು.

ಈ ಅಣ್ಣ ಏನನ್ನೂ ಬರೆದು ಕೊಡುವವನಲ್ಲ. ಎಲ್ಲ ಬಾಯಿಮಾತು. ಮಧ್ಯಾಹ್ನ ನೀಲಿ ಬಳಿಯಿರಿ ಎಂದವನೇ ಸಂಜೆ ಹಸಿರು ಯಾಕಿಲ್ಲ ಎಂದು ಕೇಳುತ್ತಿದ್ದ. ಭಾನುವಾರ ಫೋನ್ ಮಾಡಿ ಕರೆಸುತ್ತಿದ್ದ. ಸೋಮವಾರ ಬೆಳಿಗ್ಗೆ ಎಲ್ಲರನ್ನೂ ಸುತ್ತ ನಿಲ್ಲಿಸಿಕೊಂಡು, ಹೋದ ವಾರ ಕಚೇರಿಯ ಹೆಸರು ಕೆಡಿಸಿದವರು ಯಾರು ಎಂದು ಒಬ್ಬೊಬ್ಬರ ಬಾಯಲ್ಲೂ ಇನ್ನೊಬ್ಬರ ಹೆಸರು ಹೇಳಿಸುತ್ತಿದ್ದ.

ಆ ಸುತ್ತಿನಲ್ಲಿ ಯಾರ ಹೆಸರನ್ನೂ ಹೇಳದವಳು ಒಬ್ಬಳೇ, ಎಲ್ಲರೂ ಎಜೆ, ಅಂದರೆ ಅಕ್ಕ, ಎಂದು ಕರೆಯುತ್ತಿದ್ದ ಬುರುಲ್. ಐವತ್ತೈದರ ಹೆಂಗಸು, ಚಿತ್ರ ಜೋಡಿಸಿ ಬೋರ್ಡು ಸಿದ್ಧಮಾಡುವ ಕೆಲಸ. ತನ್ನ ಸರದಿ ಬಂದಾಗ "ನಾನೇ ಅಂತ ಬರ್ಕೊಳ್ಳಿ ಬಾಯ್ಕೆ, ಹೆಂಗೂ ನಿಮಗೆ ಒಬ್ರು ಬೇಕಲ್ಲ" ಎಂದು ಮೇಜಿಗೆ ವಾಪಸಾಗುತ್ತಿದ್ದಳು. ತನಗಿಂತ ಹದಿನೈದು ವರ್ಷ ಚಿಕ್ಕವನನ್ನು ಅವಳು ಅಣ್ಣ ಎನ್ನುವಾಗ ಎಲ್ಲರೂ ತಲೆ ಬಗ್ಗಿಸಿ ನಗು ನುಂಗುತ್ತಿದ್ದರು. ಸೈಕಾಲ್‌ಗೆ ಕೆಲಸ ಕಲಿಸಿದವಳು ಅವಳೇ. ಪಿಂಚಣಿಗೆ ಇನ್ನು ಮೂರೇ ವರ್ಷ ಬಾಕಿಯಿತ್ತು.

ಆ ವಸಂತದಲ್ಲಿ ಮೊಸರಿನ ಕಂಪನಿಗೆ ದೊಡ್ಡ ಬೋರ್ಡು ಬೇಕಾಯಿತು. ತಿಲೆಕ್ ಎಲ್ಲಿಂದಲೋ ಹುಲ್ಲುಗಾವಲಿನ ಡೇರೆಯ ಮುಂದೆ ಬಟ್ಟಲು ಹಿಡಿದು ನಿಂತ ಮಗುವಿನ ಫೋಟೊ ತಂದ. ಮಗುವಿನ ಅಪ್ಪ ಅಮ್ಮನನ್ನು ಕೇಳಿದ್ದೀರಾ ಎಂದು ಬುರುಲ್ ಎಜೆ ಎರಡು ಸಲ ವಿಚಾರಿಸಿದಳು. "ಹಾಕಿ ಎಜೆ, ನಾನಿದ್ದೀನಲ್ಲ" ಎಂದ. ಸೈಕಾಲ್ ಪಕ್ಕದ ಮೇಜಿನಲ್ಲೇ ಇದ್ದಳು.

ಬೋರ್ಡು ಮೂರು ಚೌಕಗಳಲ್ಲಿ ಎದ್ದು ನಿಂತ ಮರುದಿನವೇ ಮಗುವಿನ ಅಪ್ಪ ಮೊಸರಿನ ಕಂಪನಿಯ ಬಾಗಿಲಿಗೆ ಬಂದು ರಂಪ ಮಾಡಿದ. ಕಂಪನಿಯವರು ಕೆಂಡವಾಗಿ ಇಲ್ಲಿಗೆ ಬಂದರು. ನಾನಿದ್ದೀನಲ್ಲ ಎಂದವನು ಇರಲಿಲ್ಲ. ಕುರ್ಚಿಯಲ್ಲಿ ಕೂತಿದ್ದ ತಿಲೆಕ್ ಬೇರೆಯೇ ಮನುಷ್ಯನಾಗಿದ್ದ. ಅವನು ಬುರುಲ್ ಎಜೆಯ ಎದುರಿಗೇ, ನಮ್ಮ ಎಜೆಗೆ ವಯಸ್ಸಾಯಿತು, ಈ ಕಾಲದ ಕೆಲಸ ತಿಳಿಯುವುದಿಲ್ಲ, ನೀವು ದೊಡ್ಡ ಮನಸ್ಸು ಮಾಡಬೇಕು ಎಂದು ಕೈಮುಗಿದ.

ಮರುದಿನ ತಿಲೆಕ್ ಸೈಕಾಲ್‌ಳನ್ನು ಒಳಗೆ ಕರೆದ. ಮೇಜಿನ ಮೇಲೆ ಒಂದು ಕಾಗದವಿತ್ತು. ಎರಡು ವಾರ ಹಿಂದಿನ ತಾರೀಖು ಹೇಳಿ, "ನಿನ್ನ ಅಕ್ಷರ ದುಂಡಗಿದೆ, ಇಲ್ಲೊಂಚೂರು ಬರೆದುಬಿಡು" ಎಂದ. ಕೆಳಗಿದ್ದ ಸಹಿ ಬುರುಲ್ ಎಜೆಯದು. ಸೈಕಾಲ್‌ಗೆ ಅರ್ಥವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಅರ್ಥವಾಯಿತು. ಆದರೂ ಅವಳ ಕೈ ಪೆನ್ನು ಹಿಡಿಯಿತು, ಬರೆಯಿತು. ಕಾಗದ ಕೊಟ್ಟಾಗ ತಿಲೆಕ್ ಥ್ಯಾಂಕ್ಸ್ ಎಂದ, ತಂಗಿ ಎಂದ.

ಅದೇ ಸಂಜೆ ಕಚೇರಿಯಲ್ಲಿ ಚಹಾ, ಮಾಂಸ ತುಂಬಿದ ಬಿಸಿ ಸಂಸಾ, ಒಂದು ಕೇಕು. ಬುರುಲ್ ಎಜೆ ವಿಶ್ರಾಂತಿ ಬಯಸಿದ್ದಾರೆ ಎಂದು ತಿಲೆಕ್ ಎಲ್ಲರಿಗೂ ಹೇಳಿದ. ಎಜೆಗೆ ಆ ಸುದ್ದಿ ಅರ್ಧ ಗಂಟೆಯ ಹಿಂದಷ್ಟೇ ತಿಳಿದಿತ್ತು. ಅಷ್ಟಕ್ಕೇ ಬಿಡಲಿಲ್ಲ ಅವನು. ನಮ್ಮಲ್ಲಿ ನೀವೇ ಹಿರಿಯರು, ಹೋಗುವ ಮೊದಲು ಕಚೇರಿಗೆ ಆಶೀರ್ವಾದ ಮಾಡಿ ಎಂದು ಎರಡು ಅಂಗೈ ಚಾಚಿದ. ಹಿರಿಯರಾದವರು ಆಶೀರ್ವಾದ ಇಲ್ಲ ಎನ್ನುವ ಹಾಗಿಲ್ಲ. ಹಗೆಯವನು ಕೇಳಿದರೂ ಇಲ್ಲ. ಬುರುಲ್ ಎಜೆ ಅಂಗೈ ತೆರೆದು, ಈ ಮನೆಯ ದಾರಿ ತೆರೆದಿರಲಿ, ಇಲ್ಲಿ ದುಡಿಯುವವರ ಮಕ್ಕಳು ಆರೋಗ್ಯವಾಗಿರಲಿ ಎಂದಳು. ಏಳೂ ಜನ ಅಂಗೈಗಳಿಂದ ಮುಖ ಸವರಿಕೊಂಡರು. ಸೈಕಾಲ್‌ಗೆ ಮುಖದಿಂದ ಕೈ ತೆಗೆಯಲು ಧೈರ್ಯ ಬರಲಿಲ್ಲ.

ನಾಲ್ಕು ದಿನ ಮನೆಯಲ್ಲಿ ಅವಳು ಮಾತೇ ಆಡಲಿಲ್ಲ. ಗಂಡ ರಷ್ಯಾದಲ್ಲಿ ಕಟ್ಟಡದ ಕೆಲಸದಲ್ಲಿದ್ದ. ಮನೆಯಲ್ಲಿ ಅವಳು, ಅತ್ತೆ ಕಾಲಿಪಾ ಇಬ್ಬರೇ. ಅವಳಿಗೆ ಆಗ ನಾಲ್ಕು ತಿಂಗಳು. ಬಸುರಿಗೆ ಹೀಗೆಲ್ಲ ಆಗುತ್ತದೆ ಎಂದುಕೊಂಡ ಅತ್ತೆ ದಿನಾ ಸಾರು ಕಾಯಿಸಿ ಕುಡಿಸಿದಳು. ಐದನೇ ದಿನ ಕೆಳಗಿನ ಮನೆಯ ಅನಾರ್ಕುಲ್ ಎಜೆ ಚಹಾಕ್ಕೆ ಬಂದು, ಹುಡುಗಿ ಯಾಕೆ ಹೀಗಿದ್ದಾಳೆ ಎಂದಾಗ ಸೈಕಾಲ್ ಅಳುತ್ತ ಎಲ್ಲ ಹೇಳಿಬಿಟ್ಟಳು. ಅನಾರ್ಕುಲ್ ಇಪ್ಪತ್ತು ವರ್ಷ ಹೊಲಿಗೆ ಕಾರ್ಖಾನೆಯಲ್ಲಿ ದುಡಿದವಳು. ಈಗ ವಾರಕ್ಕೆ ಎರಡು ದಿನ ಕಾರ್ಮಿಕ ಸಂಘದಲ್ಲಿ ಕೂತು ಜನರ ಅರ್ಜಿ ಬರೆದುಕೊಡುತ್ತಾಳೆ.

ಅವಳು ಬೈಯಲಿಲ್ಲ. ಬುರುಲ್ ತಾನಾಗಿ ಬಿಟ್ಟಳು ಅಂತ ಕಾಗದ ಹೇಳುತ್ತೆ, ಅದು ಸುಳ್ಳು ಅನ್ನಲು ಒಂದು ಬಾಯಿ ಬೇಕು, ಆ ಬಾಯಿ ನಿನ್ನದೇ ಎಂದಳು. ದೂರು ಕೊಡಲು ಗಡುವಿರುತ್ತದೆ, ಕೂತು ಅಳುತ್ತಿದ್ದರೆ ಅದೂ ದಾಟಿಹೋಗುತ್ತದೆ ಎಂದಳು.

ಕಾಲಿಪಾಳಿಗೆ ಸಿಟ್ಟು ಬಂತು. "ಸುಮ್ನಿರು ಅನಾರ್ಕುಲ್. ಆ ತಿಲೆಕ್ ಇವಳ ಮದುವೇಲಿ ಮೊದಲ ಸಾಲಲ್ಲಿ ಕೂತು ಉಂಡವನು. ಉಂಡ ಮನೆ ಜಂತೆ ಎಣಿಸೋ ಬುದ್ಧಿ ನನ್ನ ಸೊಸೆಗೆ ಕಲಿಸ್ಬೇಡ."

"ಉಂಡವನು ಅವನಲ್ವಾ ಎಜೆ? ಜಂತೆ ಎಣಿಸ್ತಿರೋನೂ ಅವನೇ."

"ಬುರುಲ್ ನಮಗೇನು ನೆಂಟಳಾ? ಇವಳು ಬಸುರಿ. ಬಾಯಿ ಬಿಟ್ಟು ಕೆಲಸ ಕಳ್ಕೊಂಡ್ರೆ ಬಾಣಂತನದ ರಜಾ ನೀನು ಕೊಡ್ತೀಯಾ?"

ಅನಾರ್ಕುಲ್ ಬಟ್ಟಲು ಕೆಳಗಿಟ್ಟಳು. "ಇವಳು ರಜಾ ಕೇಳಿದ ದಿನ ಇವಳ ಕಾಗದಕ್ಕೆ ತಾರೀಖು ಬರೆಯೋದು ಯಾರು, ಅದನ್ನ ಯೋಚನೆ ಮಾಡಿದೀರಾ?"

ಕಾಲಿಪಾ ಸೊಸೆಯ ಕಡೆ ತಿರುಗಿದಳು. "ನಿಂದೂ ಇದೆಯಾ?"

"ಇದೆ ಅತ್ತೆ. ಎಲ್ಲರದ್ದೂ ಇದೆ."

ಕಾಲಿಪಾ ಕನ್ನಡಕ ಎಲ್ಲಿ ಎಂದು ಕೇಳಿದಳು. ಅನಾರ್ಕುಲ್ ಹೇಳಿದ ಹಾಗೆ ಸೈಕಾಲ್ ಬರೆದಳು, ಅತ್ತೆ ಒಂದೊಂದು ಸಾಲನ್ನೂ ಓದಿ ನೋಡಿದಳು: ಕೆಲಸಕ್ಕೆ ಸೇರುವ ದಿನ ತಾರೀಖಿಲ್ಲದೆ ನನ್ನಿಂದ ಪಡೆದ ರಾಜೀನಾಮೆಯನ್ನು ವಾಪಸು ಪಡೆಯುತ್ತಿದ್ದೇನೆ, ಕೆಲಸ ಬಿಡುವ ಇಚ್ಛೆ ನನಗಿಲ್ಲ. ಒಂದು ಪ್ರತಿ ಮನೆಯಲ್ಲಿ ಉಳಿಯಿತು. ಇನ್ನೊಂದನ್ನು ಮರುದಿನ ರಿಜಿಸ್ಟರ್ ಅಂಚೆಯಲ್ಲಿ ಕಚೇರಿಗೆ ಕಳಿಸಿದರು. ಅಂಚೆಯ ರಸೀದಿಯನ್ನು ಕಾಲಿಪಾ ಮನೆಯ ದಾಖಲೆಗಳ ಜೊತೆ ಬೀರುವಿನಲ್ಲಿಟ್ಟಳು.

ಅಂಚೆ ಕಚೇರಿಯಿಂದ ಸೈಕಾಲ್ ನೇರ ಬುರುಲ್ ಎಜೆಯ ಮನೆಗೆ ಹೋದಳು. ಎಜೆ ಬಾಗಿಲು ತೆರೆದಳು, ನೋಡಿದಳು, ಒಳಗೆ ಹೋಗಿ ತಟ್ಟೆಯಲ್ಲಿ ರೊಟ್ಟಿ ತಂದು ಹೊಸ್ತಿಲಲ್ಲೇ ಹಿಡಿದಳು. ಬಾಗಿಲಿಗೆ ಬಂದವರು ರೊಟ್ಟಿ ಮುರಿಯದೆ ಹೋಗಬಾರದು. ಒಳಗೆ ಬಾ ಎಂದು ಮಾತ್ರ ಹೇಳಲಿಲ್ಲ. ಸೈಕಾಲ್ ಒಂದು ಚೂರು ಮುರಿದು ಬಾಯಿಗಿಟ್ಟಳು.

"ಆ ತಾರೀಖು ನಾನು ಬರೆದದ್ದು ಎಜೆ."

"ಗೊತ್ತು. ನಿನ್ನ ಅಂಕಿ ತಿದ್ದಿಸಿದವಳೇ ನಾನು."

ಸಾಕ್ಷಿ ಹೇಳುತ್ತೇನೆ ಎಂದಳು ಸೈಕಾಲ್. "ಹೇಳು," ಎಂದಳು ಎಜೆ. "ನನಗೋಸ್ಕರ ಅಂತ ಹೇಳ್ಬೇಡ. ನಿನಗೋಸ್ಕರ ಹೇಳ್ಕೋ." ಬಾಗಿಲು ಮೆಲ್ಲಗೆ ಮುಚ್ಚಿತು.

ಸಂಘದವರ ನೆರವಿನಿಂದ ಬುರುಲ್ ಎಜೆ ಕೊಟ್ಟ ದೂರು ವಿಚಾರಣೆಗೆ ಬಂದ ದಿನ, ಕಾರ್ಮಿಕ ಅಧಿಕಾರಿಯ ಮುಂದೆ ತಿಲೆಕ್ ತುಂಬ ಚೆನ್ನಾಗಿ ಮಾತಾಡಿದ. ನಾವೆಲ್ಲ ಒಂದೇ ಮನೆಯವರು, ಎಜೆ ಸಂತೋಷವಾಗಿ ಹೋದರು, ಹೋಗುವಾಗ ಆಶೀರ್ವಾದ ಕೂಡ ಮಾಡಿದರು ಎಂದ. ಸೈಕಾಲ್‌ಗೆ ಅಷ್ಟು ಚೆನ್ನಾಗಿ ಮಾತು ಬರುವುದಿಲ್ಲ. ತಾರೀಖು ನನ್ನ ಕೈಬರಹ, ಬಾಯ್ಕೆ ಹೇಳಿ ಬರೆಸಿದ್ದು ಎಂದಷ್ಟೇ ಹೇಳಿದಳು. ಅಧಿಕಾರಿ ಖಾಲಿ ಹಾಳೆ ಕೊಟ್ಟು ಅದೇ ತಾರೀಖು ಬರೆಯಲು ಹೇಳಿದ. ಬರೆದಳು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದ ಮೇಲೆ ಹೆಚ್ಚಿಗೆ ಕೇಳುವುದು ಉಳಿಯಲಿಲ್ಲ. ಆ ರಾಜೀನಾಮೆ ಸುಳ್ಳು, ಬುರುಲ್‌ಳನ್ನು ಮತ್ತೆ ಕೆಲಸಕ್ಕೆ ತೆಗೆದುಕೊಳ್ಳಬೇಕು ಎಂದು ಆದೇಶವಾಯಿತು.

ಕಥೆ ಇಲ್ಲಿಗೆ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು. ತಿಂಗಳೊಳಗೆ ತಿಲೆಕ್ ಕಚೇರಿಗೆ ಬೀಗ ಹಾಕಿ, ಎದುರು ಬೀದಿಯಲ್ಲಿ ಹೆಂಡತಿಯ ಹೆಸರಿನಲ್ಲಿ ಹೊಸದೊಂದು ತೆರೆದ. ಆದೇಶ ಹಳೆಯ ಬಾಗಿಲಿಗೆ ಅಂಟಿಕೊಂಡು ಉಳಿಯಿತು. ಎಜೆಯೂ ಸೈಕಾಲೂ ಸಂಘದವರ ಜೊತೆ ಇವತ್ತಿಗೂ ಅದರ ಹಿಂದೆ ಅಲೆಯುತ್ತಿದ್ದಾರೆ, ಒಂದೇ ಬೆಂಚಿನಲ್ಲಿ ಕೂರುತ್ತಾರೆ, ಮಾತು ಕಡಿಮೆ. ಉಳಿದ ಐವರನ್ನು ಹೊಸ ಕಚೇರಿಗೆ ಕರೆದು ಮತ್ತೆ ಅದೇ ತಾರೀಖಿಲ್ಲದ ಕಾಗದ ಮುಂದಿಟ್ಟರು. ಇಬ್ಬರು ಸಹಿ ಹಾಕದೆ ಎದ್ದು ಬಂದರು. ಮೂವರು ಹಾಕಿದರು.

ಓದುತ್ತಿರುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ನಿಮ್ಮ ಕಚೇರಿ ಎಷ್ಟೇ ಚಿಕ್ಕದಿರಲಿ, ಯಜಮಾನರು ನಿಮ್ಮನ್ನು ಎಷ್ಟೇ ಪ್ರೀತಿಯಿಂದ ಕರೆಯಲಿ, ತಾರೀಖಿಲ್ಲದ ಕಾಗದಕ್ಕೆ ಸಹಿ ಹಾಕಬೇಡಿ. ಈಗಾಗಲೇ ಹಾಕಿದ್ದರೆ ವಾಪಸು ಪಡೆಯುತ್ತೇನೆಂದು ಇವತ್ತೇ ಬರೆದು ರಿಜಿಸ್ಟರ್ ಅಂಚೆಯಲ್ಲಿ ಕಳಿಸಿ, ಪ್ರತಿಯನ್ನೂ ರಸೀದಿಯನ್ನೂ ಜೋಪಾನ ಮಾಡಿ. ಒಬ್ಬರೇ ಹೋಗಬೇಡಿ, ಕಾರ್ಮಿಕ ಸಂಘವನ್ನೋ ಉಚಿತ ಕಾನೂನು ನೆರವಿನವರನ್ನೋ ಕಂಡು, ಜೊತೆ ಕೆಲಸ ಮಾಡುವವರಿಗೂ ತಿಳಿಸಿ. ಮತ್ತೆ, ಪಕ್ಕದ ಮೇಜಿನವರ ತಾರೀಖು ಬರೆಯಲು ಯಾರಾದರೂ ನಿಮ್ಮ ಕೈಗೆ ಪೆನ್ನು ಕೊಟ್ಟರೆ, ನಾಚಿಕೆಯಾದರೂ ಆಗಲಿ, ಬರೆಯುವುದಿಲ್ಲ ಎಂದು ಹೇಳಿ.