ಮುಸುರೆ ಹತ್ತಿದ ಪುಸ್ತಕ

ಮನೆಗೆಲಸದ ಗುತ್ತೆವ್ವ ಆ ದಪ್ಪ ಪುಸ್ತಕವನ್ನು ಹಳೆಯ ಕೆಂಪು ಸೀರೆಯ ತುಂಡಿನಲ್ಲಿ ಸುತ್ತಿ ಗಂಟು ಹಾಕುತ್ತಿದ್ದಾಗ ಪದ್ಮಾಬಾಯಿ ಅವಳ ಕೈ ಹಿಡಿದಳು.

"ಇದನ್ನ ಯಾಕ ಕಟ್ಟಾಕತ್ತಿ?"

"ಆಚಾರ್ರ ಹೇಳಿ ಹೋಗ್ಯಾರ್ರಿ. ಬೂದಿ ಬಿಡಾಕ ವರದಾ ಹೊಳಿಗೆ ಹೋದಾಗ ಇದನ್ನೂ ನೀರಿಗೆ ಬಿಡ್ತಾರಂತ."

ಹರಿದ ದೇವರ ಪುಸ್ತಕವನ್ನು ಕಸಕ್ಕೆ ಎಸೆಯುವಂತಿಲ್ಲ, ಹರಿಯುವ ನೀರಿಗೆ ಬಿಡಬೇಕು. ಸವಣೂರಿನ ಆ ಓಣಿಯಲ್ಲಿ ಇದನ್ನು ಯಾರೂ ಪ್ರಶ್ನಿಸುವುದಿಲ್ಲ. ಆದರೆ ಪದ್ಮಾಬಾಯಿ ಗಂಟು ಬಿಚ್ಚಿ ಪುಸ್ತಕವನ್ನು ಎದೆಗವಚಿಕೊಂಡಳು. ತಾಯಿ ಸತ್ತಾಗ ಅವಳಿನ್ನೂ ತೊಟ್ಟಿಲ ಕೂಸು. ಎತ್ತಿ ಆಡಿಸಿದವಳು, ಅಕ್ಷರ ಕಲಿಸಿದವಳು ದೊಡ್ಡಮ್ಮ ಗೋಪಿಕಾಬಾಯಿ. ಆ ದೊಡ್ಡಮ್ಮನನ್ನು ಈಗಷ್ಟೇ ಹೊತ್ತುಕೊಂಡು ಹೋಗಿದ್ದರು. ಹಿರೇಕೆರೂರಿನಿಂದ ಮೊದಲ ಬಸ್ಸು ಹಿಡಿದು, ಹಾನಗಲ್ಲಿನಲ್ಲಿ ಬಸ್ಸು ಬದಲಿಸಿ ಪದ್ಮಾಬಾಯಿ ಬರುವ ಹೊತ್ತಿಗೆ ಚಟ್ಟ ಕಟ್ಟಿಯಾಗಿತ್ತು. ಮುಖ ನೋಡಿದ್ದಷ್ಟೇ ಬಂತು.

ನೆಲ ತೊಳೆದು, ಮಲಗಿಸಿದ್ದ ಜಾಗದಲ್ಲಿ ದೀಪ ಹಚ್ಚಿಟ್ಟು ಅವಳು ಹಿತ್ತಲಿಗೆ ಬಂದಳು. ಗೋಡೆಯಾಚೆ ನಸೀರಾ ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತ ನಿಂತಿದ್ದಳು. ಪುಸ್ತಕಗಳಿಗೆ ರಟ್ಟು ಕಟ್ಟುವ ಕರೀಮಸಾಬನ ಹೆಂಡತಿ ಅವಳು.

"ಇಷ್ಟ ವರ್ಷ ಈ ಗ್ವಾಡಿ ಮ್ಯಾಲ ಮಾತಾಡೇವಿ. ಇವತ್ತ ಬಾಯಾರ ಕಾಲ ಮುಟ್ಟಾಕೂ ಒಳಗ ಬರಲಿಲ್ಲ ನಾನು," ಎಂದಳು. "ಕರದಿದ್ರ ಬರ್ತಿದ್ನೆವ್ವ. ಯಾರೂ ಕರೀಲಿಲ್ಲ."

ಪದ್ಮಾಬಾಯಿ ನಸೀರಾಳ ಕೈ ಹಿಡಿದುಕೊಂಡು ಅತ್ತಳು.

*

ಗೋಪಿಕಾಬಾಯಿಗೆ ಹದಿನೈದಾಗಿದ್ದಾಗಲೇ ಗಂಡ ಹೋದ. ತಲೆ ಬೋಳಿಸಿ ಕೆಂಪು ಸೀರೆ ಉಡಿಸಿದರು. ಹೂವು, ಬಳೆ, ಬಣ್ಣ ಎಲ್ಲಕ್ಕೂ ಅಂದೇ ಎಳ್ಳುನೀರು. ಉಳಿದದ್ದು ಮೈದುನನ ಮನೆಯ ಮಡಿ ಅಡುಗೆ ಮತ್ತು ದೇವರನಾಮಗಳ ಒಂದು ಪುಸ್ತಕ.

ಎಪ್ಪತ್ತೊಂದರ ಮೊಹರಮ್ಮಿಗೆ ಕರೀಮಸಾಬ ತಾಬೂತು ಕಟ್ಟಿದಾಗ ಉಳಿದ ಬಣ್ಣದ ಕಾಗದದ ಚೂರುಗಳನ್ನು ನಸೀರಾ ಗೋಡೆಯ ಮೇಲಿಟ್ಟಳು. "ಹುಡುಗಿಗೆ ಆಡಾಕ ಕೊಡ್ರಿ," ಎಂದಳು. ಹುಡುಗಿ ಪದ್ದಿಗೆ ಅವು ಸಿಗಲೇ ಇಲ್ಲ. ದೊಡ್ಡಮ್ಮನೇ ಕತ್ತರಿ ಹಿಡಿದು ಕೂತಳು.

ಮೊದಲು ಬಂದದ್ದು ಒಂದು ಗುಲಾಬಿ ಕಮಲ, ಆನೆಯನ್ನು ಮೊಸಳೆಯಿಂದ ಬಿಡಿಸಿದ ಹಾಡಿನ ಅಂಚಿಗೆ. ಸಮುದ್ರ ಕಡೆದ ಹಾಡಿನ ಮೇಲೆ ನೀಲಿ ಜಿಲೇಟಿನ್ ಕಾಗದ. ಅದರಡಿ ಅಕ್ಷರಗಳು ನೀರಿನಲ್ಲಿ ಮುಳುಗಿದಂತೆ ಕಂಡವು. ಚಹಾ ಪೊಟ್ಟಣದ ಬೆಳ್ಳಿ ಹಾಳೆಯಿಂದ ಬೆಣ್ಣೆಯ ಗಡಿಗೆ. ಗುಡಿಯ ಹಾಡಿಗೆ ಮಿರುಗುವ ಬೇಗಡೆ ಹಾಳೆಯ ಎರಡು ಬಾಗಿಲು. ಬೆರಳಿನಿಂದ ತೆರೆದರೆ ಒಳಗೆ ದೇವರ ಹೆಸರು. ಅಡುಗೆ ಮುಗಿದ ಮಧ್ಯಾಹ್ನಗಳಲ್ಲಿ ಅವಳು ಹಾಡುತ್ತ ಅಂಟಿಸುತ್ತಿದ್ದಳು. ಅಷ್ಟು ಖುಷಿಯಾಗಿದ್ದ ದೊಡ್ಡಮ್ಮನನ್ನು ಪದ್ದಿ ಹಿಂದೆಂದೂ ಕಂಡಿರಲಿಲ್ಲ.

ಪುಸ್ತಕ ದೇವರ ಕೋಣೆಯಲ್ಲೇ ಇರುತ್ತಿತ್ತು. ಒಂದು ಏಕಾದಶಿಯಂದು ಮೈದುನ, ಪದ್ದಿಯ ಅಪ್ಪ ಶ್ರೀಪಾದಾಚಾರರು ಅದನ್ನು ಕೈಗೆತ್ತಿಕೊಂಡು ಮೂಸಿ ನೋಡಿದರು.

"ವೈನಿ, ಇದಕ್ಕ ಏನು ಹಚ್ಚೀರಿ?"

"ಮೈದಾ ಅಂಟು. ಕರೀಮಸಾಬ ರಟ್ಟಿಗೆ ಹಚ್ಚತಾನಲ್ಲ, ಹಂಗ ಒಲಿ ಮ್ಯಾಲ ಕುದಿಸಿ ಮಾಡಿದೆ."

"ಕುದಿಸಿದ ಹಿಟ್ಟು ಅನ್ನದಂಗ ಮುಸುರಿ ಅಲ್ಲೇನು? ಮುಸುರಿ ದೇವರ ಮುಂದ ಇಟ್ಟೀರಲ್ಲ."

ಗೋಪಿಕಾಬಾಯಿಯ ಮುಖ ಬಿಳಿಚಿತು. ಅನ್ನದ ಅಗುಳು ತಾಗಿದರೆ ಕೈ ತೊಳೆಯದೆ ದೇವರ ತಂಬಿಗೆ ಮುಟ್ಟದವಳು. ಇಡೀ ಓಣಿಗೆ ಮಡಿ ಹೇಳಿಕೊಡುತ್ತಿದ್ದವಳು.

"ನನಗ ಹೊಳೀಲೇ ಇಲ್ಲ ನೋಡು ಶ್ರೀಪಾದ. ತಿನ್ನೋದಲ್ಲಲ್ಲ ಅಂತ ಮಾಡಿದೆ."

ತಾನೇ ಪುಸ್ತಕವನ್ನು ಹೊರಗೆ ತಂದು ಹಿತ್ತಲ ಪಡಸಾಲೆಯ ಕಿಟಕಿಯಲ್ಲಿಟ್ಟಳು. ಅಂಟಿಸುವುದು ನಿಂತಿತು. ಹಾಡು ನಿಲ್ಲಲಿಲ್ಲ. ಒಳಗೆ ಪೂಜೆ ನಡೆಯುವಾಗ ಇವಳು ಪಡಸಾಲೆಯಲ್ಲಿ ಕೂತು, ಗೋಡೆಯ ಕಡೆ ಮುಖ ಮಾಡಿ ಹಾಡುತ್ತಿದ್ದಳು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರಲ್ಲ, ಈ ಮನೆಯಲ್ಲಿ ಪೂಜಾರಿ ಅವಳೇ ಸಾಕಿದ ಮೈದುನ.

ಮದುವೆಯಾದ ಮೇಲೆ ಪದ್ಮಾಬಾಯಿ ತವರಿಗೆ ಬಂದಾಗಲೆಲ್ಲ ದೊಡ್ಡಮ್ಮ ಮೆಲ್ಲಗೆ ಕೇಳುತ್ತಿದ್ದಳು. "ಪದ್ದಿ, ನಿಮ್ಮಪ್ಪಗ ಒಂದ್ ಮಾತ ಕೇಳ. ಪುಸ್ತಕಾ ಒಳಗ ಇಡಬಹುದೇನಂತ."

"ನಾಳಿಗೆ ಕೇಳ್ತೇನಿ ದೊಡ್ಡಮ್ಮ."

ಅಪ್ಪನೆದುರು ಅವಳಿಗೆ ಬಾಯಿ ಬರುತ್ತಿರಲಿಲ್ಲ. ಆ ನಾಳೆ ಬರಲೇ ಇಲ್ಲ.

*

ಸ್ಮಶಾನದಿಂದ ಬಂದು ಸ್ನಾನ ಮಾಡಿ ಶ್ರೀಪಾದಾಚಾರರು ಒದ್ದೆ ಪಂಚೆಯಲ್ಲೇ ಪಡಸಾಲೆಯಲ್ಲಿ ಕುಳಿತರು. ಮಕ್ಕಳಿಲ್ಲದ ಅತ್ತಿಗೆಗೆ ಬೆಂಕಿ ಕೊಟ್ಟವರು ಅವರೇ. ಮಗಳ ಮಡಿಲಲ್ಲಿ ಪುಸ್ತಕ ಕಂಡಿತು.

"ಕಟ್ಟಿಡಂತ ಹೇಳಿದ್ದೆನಲ್ಲ."

"ಇದನ್ನ ಹೊಳಿಗೆ ಬಿಡಬ್ಯಾಡ್ರಿ ಅಪ್ಪಾ."

"ಮುಸುರಿ ಪುಸ್ತಕ ಅದು. ಒಳಗ ಇಡೋಹಂಗಿಲ್ಲ, ಹೊರಗ ಒಗಿಯೋಹಂಗಿಲ್ಲ. ಮತ್ತೇನ ಮಾಡ್ಲಿ?"

"ಒಳಗ ಇಡ್ರಿ ಅಂತ ದೊಡ್ಡಮ್ಮ ನನ್ನ ಕಡೆ ಎಷ್ಟ ಸಲ ಹೇಳಿದ್ಲು. ನಿಮಗ ಅಂಜಿ ನಾ ಕೇಳಲಿಲ್ಲ." ಅವಳು ಪುಸ್ತಕವನ್ನು ಅವರ ಮುಂದೆ ಹಿಡಿದಳು. "ಹೊಳಿಗೆ ಬಿಡೋಮುಂಚೆ ಒಮ್ಮೆ ತಗದರ ನೋಡ್ರಿ. ಸೂತಕದ ಮನ್ಯಾಗ ಎಲ್ಲೀ ಮಡಿ, ಎಲ್ಲೀ ಮುಸುರಿ?"

ಶ್ರೀಪಾದಾಚಾರರು ಕೈ ಚಾಚಿದರು.

ತೆರೆದ ಕೂಡಲೇ ನೀಲಿ ಕಾಗದ ಜಾರಿ ಅವರ ತೊಡೆಯ ಮೇಲೆ ಬಿತ್ತು. ಒಣಗಿದ ಅಂಟು ಪುಡಿಪುಡಿಯಾಗಿ ಉದುರಿತು. ಕಮಲದ ಎಸಳೊಂದು, ಗಡಿಗೆಯ ಬಾಯಿ, ಬೇಗಡೆಯ ಒಂದು ಬಾಗಿಲು ಒಂದೊಂದಾಗಿ ಕಳಚಿಕೊಂಡವು. ಅವರು ಪುಟ ತಿರುಗಿಸುತ್ತ ಹೋದರು. ತುಟಿ ಅಲುಗುತ್ತಿತ್ತು. ಚಿಕ್ಕಂದಿನಲ್ಲಿ ವೈನಿಯ ತೊಡೆಯ ಮೇಲೆ ಕೂತು ಅವರು ಕಲಿತ ಹಾಡುಗಳವು. ಒಂದು ಪುಟದ ಮೇಲೆ ಕಣ್ಣೀರು ಬಿದ್ದಾಗ ಪಂಚೆಯ ತುದಿಯಿಂದ ಒತ್ತಿ ತೆಗೆದರು.

"ಇವು ಎಲ್ಲೆಲ್ಲಿವು, ನಿನಗ ಗೊತ್ತದೇನು?"

"ಎಲ್ಲಾ ಗೊತ್ತವ."

"ಅಂಟು ಬೇಕಲ್ಲ."

"ಇವತ್ತ ಒಲಿ ಹಚ್ಚೋಹಂಗಿಲ್ಲಪ್ಪಾ."

ಅವರು ಎದ್ದು ಹಿತ್ತಲಿಗೆ ನಡೆದರು. ನಸೀರಾ ಅವರನ್ನು ಕಂಡು ಗೋಡೆಯಿಂದ ಹಿಂದೆ ಸರಿದಳು.

"ನಸೀರಾ, ಒಂದೀಟ ಮೈದಾ ಅಂಟು ಕುದಿಸಿ ಕೊಡ್ತೀಯೇನವಾ?"

"ನಮ್ಮ ಒಲಿ ಮ್ಯಾಲರಿ?" ಎಂದಳು ಅವಳು ಗಾಬರಿಯಿಂದ.

"ಹೂಂ. ನಿಮ್ಮ ಒಲಿ ಮ್ಯಾಲನ."

ಸ್ವಲ್ಪ ಹೊತ್ತಿಗೆ ಅವಳು ಬಟ್ಟಲು ತಂದು, ರೂಢಿಯಂತೆ ಗೋಡೆಯ ಮೇಲಿಟ್ಟು ದೂರ ನಿಲ್ಲಲು ಹೋದಳು. ಶ್ರೀಪಾದಾಚಾರರು ಎರಡೂ ಕೈ ಚಾಚಿ ಅವಳ ಕೈಯಿಂದಲೇ ಇಸಿದುಕೊಂಡರು. "ಒಳಗ ಬಾರವಾ. ಬಂದು ದೀಪಕ್ಕ ಕೈ ಮುಗಿ," ಎಂದರು.

ಮುಚ್ಚಿದ ದೇವರ ಕೋಣೆಯ ಹೊಸ್ತಿಲ ಮುಂದೆ ಮೂವರೂ ಕುಳಿತರು. ಪದ್ಮಾಬಾಯಿ ಒಂದೊಂದೇ ಚೂರನ್ನು ಅದರ ಪುಟಕ್ಕೆ ಹೊಂದಿಸಿ ಕೊಟ್ಟಳು. ನಸೀರಾ ಬಟ್ಟಲು ಹಿಡಿದಿದ್ದಳು. ಬೆಳಿಗ್ಗೆ ಚಿತೆಗೆ ಬೆಂಕಿ ಇಟ್ಟ ಬೆರಳನ್ನು ಬಿಸಿ ಅಂಟಿನಲ್ಲಿ ಅದ್ದಿ, ಶ್ರೀಪಾದಾಚಾರರು ನೀಲಿ ಕಾಗದವನ್ನು ಸಮುದ್ರದ ಮೇಲೆ ಇಟ್ಟು, ಹತ್ತಿಕೊಳ್ಳುವವರೆಗೂ ಅಂಗೈಯಿಂದ ಒತ್ತಿ ಹಿಡಿದುಕೊಂಡು ಕುಳಿತರು.