ರೈತರಿಗೆ ತಿಳಿಸಲಾಗಿದೆ

ನನ್ನ ಕೆಲಸ ಹೊಲದ ಕೆಳಗಿನ ನೀರು ಅಳೆಯುವುದಾಗಿತ್ತು. ಬಾವಿಯ ನೀರಲ್ಲ, ಮಣ್ಣಿನೊಳಗೆ ನಿಂತ ನೀರು. ಕಾಲುವೆ ಬಂದು ಇಪ್ಪತ್ತು ವರ್ಷವಾದ ಮೇಲೆ ಸುರೇಬಾನದ ಸುತ್ತಲಿನ ಎರೆಹೊಲಗಳಲ್ಲಿ ಆ ನೀರು ಎಷ್ಟು ಮೇಲೆದ್ದಿದೆ, ಹೆಚ್ಚಿನ ನೀರು ಬಸಿದು ಹೋಗಲೆಂದು ತೋಡಿದ ಬಸಿಗಾಲುವೆಯಲ್ಲಿ ಎಷ್ಟು ಹರಿದು ಹೋಗುತ್ತಿದೆ ಎಂದು ನೋಡುವ ಒಂದು ಯೋಜನೆ 1994ರಲ್ಲಿ ಶುರುವಾಯಿತು. ನಾನು ಸಂಗೊಳ್ಳಿಯವನು. ಡಿಗ್ರಿ ಮುಗಿಸಿ ಕಟ್ಟೆಗೆ ಕುಳಿತು ಎಲ್ಲರಿಂದ ಬೈಸಿಕೊಳ್ಳುತ್ತಿದ್ದೆ. ಈ ಕೆಲಸ ಸಿಕ್ಕಿದ್ದೇ ರಾಮದುರ್ಗದಲ್ಲಿ ಒಂದು ಖೋಲಿ ಹಿಡಿದೆ. ಹದಿನೈದು ದಿನಕ್ಕೊಮ್ಮೆ ಬಸ್ಸಿನಲ್ಲಿ ಸುರೇಬಾನಕ್ಕೆ ಹೋಗಿ ಹದಿನೆಂಟು ಹೊಲ ತಿರುಗುತ್ತಿದ್ದೆ.

ಅಳತೆಯಲ್ಲಿ ದೊಡ್ಡ ಜಾಣತನವೇನೂ ಇರಲಿಲ್ಲ. ಪ್ರತಿ ಹೊಲದಲ್ಲಿ ಒಂದು ಕೊಳವೆ ಹುಗಿದಿದ್ದರು. ಅಳತೆಪಟ್ಟಿಯ ತುದಿಗೆ ಹಿತ್ತಾಳೆಯ ಪುಟ್ಟ ಬಟ್ಟಲು ಬೋರಲಾಗಿ ಕಟ್ಟಿತ್ತು. ಇಳಿಬಿಟ್ಟರೆ ನೀರು ತಾಗಿದಾಗ ಠಪ್ಪೆನ್ನುತ್ತಿತ್ತು. ಪಟ್ಟಿ ನೋಡಿ ಫಾರ್ಮಿನಲ್ಲಿ ಬರೆದರೆ ಮುಗಿಯಿತು. ಫಾರ್ಮಿನ ಕೊನೆಯ ಕಾಲಮ್ಮಿಗೆ ‘ರೈತರಿಗೆ ತಿಳಿಸಲಾಗಿದೆ’ ಎಂಬ ಹೆಸರಿತ್ತು. ನೀರು ಮೇಲೆದ್ದು ನೆಲದಿಂದ ಮೂರು ಮೊಳದೊಳಗೆ ಬಂದರೆ ಬೇರಿಗೆ ಉಸಿರುಗಟ್ಟುತ್ತದೆ, ಉಪ್ಪು ಮೇಲೇರಿ ಹೊಲ ಸವಳಾಗುತ್ತದೆ, ಕಬ್ಬು ಬಿಡಬೇಕು, ಬಸಿಗಾಲುವೆ ತೆರೆದಿಡಬೇಕು. ಇಷ್ಟನ್ನು ರೈತನಿಗೆ ಹೇಳಿ ಅಲ್ಲೊಂದು ಗೆರೆ ಎಳೆಯಬೇಕಿತ್ತು. ತರಬೇತಿಯಲ್ಲಿ ಮೂರು ದಿನ ಇದನ್ನೇ ಕಲಿಸಿದ್ದರು. ಆದ್ದರಿಂದ ನನಗೆ ಗೊತ್ತಿರಲಿಲ್ಲ ಎನ್ನುವ ಹಾಗಿಲ್ಲ.

ಏಳನೆಯ ಕೊಳವೆ ಉಳವಪ್ಪನ ನಾಲ್ಕೆಕರೆಯಲ್ಲಿತ್ತು. ಅವನಿಗೆ ಆಗ ಐವತ್ತರ ಆಸುಪಾಸು. ಮೊದಲ ದಿನ ಪಟ್ಟಿ ಬಿಟ್ಟಾಗ ಅವನೂ ಅವನ ಹೆಂಡತಿ ಮರೆವ್ವನೂ ಕೊಳವೆಯ ಮೇಲೆ ಬಗ್ಗಿ ನಿಂತಿದ್ದರು. ಠಪ್ಪೆಂದಿತು.

“ಎಷ್ಟೈತ್ರಿ?”

“ಎರಡೂವರಿ ಮೊಳ.”

ಉಳವಪ್ಪನ ಕಣ್ಣು ತುಂಬಿದವು. “ನಮ್ಮಪ್ಪ ಇದ ಹೊಲದಾಗ ಎಪ್ಪತ್ತು ಮೊಳ ಬಾವಿ ತೋಡಿದ್ರಿ. ಕಲ್ಲು ಬಿತ್ತು, ನೀರು ಬೀಳಲಿಲ್ಲ. ಇಕಿನ್ನ ಕೇಳಾಕ ಹ್ವಾದಾಗ ಇಕಿ ಅಪ್ಪ ಅಂದಿದ್ದ, ನಿಮ್ಮೂರಿಗೆ ಹೆಣ್ಣು ಕೊಟ್ರ ಕೊಡ ಹೊತ್ತ ಸಾಯ್ತಾಳ ಅಂತ. ಈಗ ನೋಡ್ರಿ, ಎರಡೂವರಿ ಮೊಳ.”

ಮರೆವ್ವ ಸೆರಗಿನಿಂದ ಕೊಳವೆಯ ಬಾಯಿಯ ಧೂಳು ಒರೆಸಿದಳು.

ನಾನು ಬಾಯಿ ತೆರೆದೆ. ಅಷ್ಟರಲ್ಲಿ ಉಳವಪ್ಪ, “ಸಾಹೇಬ್ರ, ಉಂಡ ಹೋಗಬೇಕ್ರಿ,” ಎಂದು ಕೈ ಹಿಡಿದ. ದಿನಗೂಲಿಯ ನನ್ನನ್ನು ಹುಟ್ಟಿದ ಮೇಲೆ ಯಾರೂ ಸಾಹೇಬ ಎಂದಿರಲಿಲ್ಲ. ಮನೆಗೆ ಹೋದೆ. ಬಿಸಿ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಗುರೆಳ್ಳು ಚಟ್ನಿ, ಮೇಲೆ ಕೆನೆಮೊಸರು. ಮುಂದಿನ ಸಲ ಹೇಳಿದರಾಯಿತು ಎಂದುಕೊಂಡು ಉಂಡೆ. ಬಸ್ಸಿಗೆ ಕಾಯುತ್ತ ಕುಳಿತಾಗ ಫಾರ್ಮಿನಲ್ಲಿ ಏಳನೆಯ ಕೊಳವೆಯ ಮುಂದೆ ಗೆರೆ ಎಳೆದೆ. ರೈತರಿಗೆ ತಿಳಿಸಲಾಗಿದೆ.

ಅದೇ ದಿನ ಎಂಟನೆಯ ಕೊಳವೆಯನ್ನೂ ಅಳೆದಿದ್ದೆ. ಅದು ಪಕ್ಕದ ಯಮನಪ್ಪನ ಹೊಲ. ಯಮನಪ್ಪ ಎಂಜಲು ಕೈಯಲ್ಲಿ ಕಾಗೆ ಹೊಡೆಯದವನು. ಮೂರು ತಾಸು ಬಿಸಿಲಲ್ಲಿ ತಿರುಗಿದ್ದ ನನಗೆ ಒಂದು ಚರಿಗೆ ನೀರು ಕೊಡಲಿಲ್ಲ. ಬದಲಿಗೆ, “ಇದನ್ನ ಅಳದ ನಮಗೇನು ಬಂತು?” ಎಂದು ಕೇಳಿದ. ನನಗೆ ಸಿಟ್ಟು ಬಂತು. “ನಿನ್ನ ಹೊಲ ಕೊಳ್ಯಾಕ ಹತ್ತೇತಿ. ಹಿಂಗ ಕಬ್ಬಿಗೆ ನೀರು ಬಿಟ್ರ ಆರು ವರ್ಷದಾಗ ಸವಳು. ಬಸಿಗಾಲುವಿ ಹೂಳು ತಗಿ, ಜ್ವಾಳ ಬಿತ್ತು,” ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಿ ಬಂದೆ. ಅವನ ಒಳ್ಳೆಯದಕ್ಕೆ ಹೇಳಿದ್ದಲ್ಲ. ಅವನ ಹೊಟ್ಟೆ ಉರಿಯಲಿ ಎಂದು ಹೇಳಿದ್ದು.

ಉಳವಪ್ಪನಿಗೆ ಹೇಳುವ ‘ಮುಂದಿನ ಸಲ’ ಬರಲೇ ಇಲ್ಲ. ಪ್ರತಿ ಸಲವೂ ನೀರು ಒಂದೆರಡು ಬೆರಳು ಮೇಲೆ ಬಂದಿರುತ್ತಿತ್ತು, ಪ್ರತಿ ಸಲವೂ ತಾಟು ಮುಂದೆ ಬರುತ್ತಿತ್ತು. ಉಂಡ ಮನೆಯ ಜಂತಿ ಎಣಿಸಬಾರದು ಎಂದು ನನಗೆ ನಾನೇ ಹೇಳಿಕೊಂಡೆ. ಜಂತಿ ಎಣಿಸುವುದು ಬೇರೆ, ಜಂತಿಗೆ ಗೆದ್ದಲು ಹತ್ತಿದ್ದನ್ನು ಕಂಡೂ ಸುಮ್ಮನಿರುವುದು ಬೇರೆ. ಇದು ಆಗಲೂ ನನಗೆ ಗೊತ್ತಿತ್ತು.

ಆ ವರ್ಷದ ಎಳ್ಳ ಅಮಾವಾಸ್ಯೆಗೆ ಚರಗ ಚೆಲ್ಲಲು ನನ್ನನ್ನೂ ಕರೆದರು. ಅವತ್ತು ಕಡಬು, ಮಾದಲಿ, ಪಲ್ಯೆ ಎಲ್ಲ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಐದು ಕಲ್ಲುಗಳನ್ನು ಪಾಂಡವರೆಂದು ಪೂಜಿಸಿ, ಹೊಲದ ತುಂಬ ಎಡೆ ಚೆಲ್ಲಿ ಭೂಮಿತಾಯಿಗೆ ಉಣಿಸುತ್ತಾರೆ. ಪಾಂಡವರನ್ನು ಎಲ್ಲರೂ ಬನ್ನಿಗಿಡದ ಬುಡದಲ್ಲಿ ಕೂಡಿಸಿದರೆ ಉಳವಪ್ಪ ನನ್ನ ಕೊಳವೆಯ ಬುಡದಲ್ಲಿ ಕೂಡಿಸಿದ್ದ. ಕೊಳವೆಗೆ ವಿಭೂತಿ ಬಳಿದು ಹೂ ಏರಿಸಿದ್ದ. ಎಲ್ಲರಿಗಿಂತ ಮೊದಲು ನನ್ನ ಎಲೆಗೆ ಮಾದಲಿ ಬಿತ್ತು. ಅವತ್ತು ಹೇಳಲೇಬೇಕೆಂದು ಬಂದಿದ್ದೆ. ತುಪ್ಪ ಇನ್ನೊಂದು ಸಲ ಹಾಕಿಸಿಕೊಂಡು ಎದ್ದು ಬಂದೆ.

ಮರುವರ್ಷ ಉಳವಪ್ಪ ತನ್ನ ಹೊಲದ ನೀರು ಬಸಿಗಾಲುವೆಗೆ ಬೀಳುವ ಬಾಯಿಯನ್ನು ಕಲ್ಲು ಮಣ್ಣು ಹಾಕಿ ಮುಚ್ಚಿದ. “ಮನಿಗೆ ಬಂದ ಲಕ್ಷ್ಮಿನ್ನ ಹಿತ್ತಲ ಬಾಗಿಲಿನಿಂದ ಯಾಕ ಕಳಸೂದ್ರಿ?” ಎಂದ. ನಾನು ಹೂಂ ಎಂದೆ. ಅವನನ್ನು ನೋಡಿ ಇನ್ನೂ ನಾಲ್ವರು ಮುಚ್ಚಿದರು. ಬಸಿಗಾಲುವೆಯ ತುದಿಯ ಗೇಜಿನಲ್ಲಿ ಹರಿವು ಅರ್ಧಕ್ಕಿಳಿಯಿತು. ಸವದತ್ತಿಯಲ್ಲಿ ನಡೆದ ಯೋಜನೆಯ ಸಭೆಯಲ್ಲಿ ಹಿರಿಯ ಅಧಿಕಾರಿಯೊಬ್ಬರು ಆ ಅಂಕಿ ಓದಿ, ರೈತರು ನೀರನ್ನು ಹಿಡಿತದಿಂದ ಬಳಸಲು ಕಲಿತಿದ್ದಾರೆ, ನಮ್ಮ ಹುಡುಗರು ಚೆನ್ನಾಗಿ ತಿಳಿಸಿದ್ದಾರೆ ಎಂದರು. ಚಪ್ಪಾಳೆ ಬಿತ್ತು. ನಾನು ಎದ್ದು ಕೈ ಮುಗಿದೆ. ಆ ಕೈ ಮುಗಿದದ್ದು ನೆನಪಾದರೆ ಈಗಲೂ ಕಿವಿ ಬಿಸಿಯಾಗುತ್ತವೆ.

ಯೋಜನೆ 1997ಕ್ಕೆ ಮುಗಿಯಿತು. ನಾನು ಬೈಲಹೊಂಗಲದ ಒಂದು ಬೀಜದ ಅಂಗಡಿ ಸೇರಿದೆ. ಸುರೇಬಾನದ ಬಸ್ಸಿನ ಬೋರ್ಡು ಕಂಡರೆ ಮುಖ ತಿರುಗಿಸುತ್ತಿದ್ದೆ. 2003ರಲ್ಲಿ ಮತ್ತೆ ಕಾಗದ ಬಂತು. ಹಳೆಯ ಕೊಳವೆಗಳನ್ನು ಮತ್ತೊಮ್ಮೆ ಅಳೆಯಬೇಕು, ಜಾಗ ಗೊತ್ತಿದ್ದವರು ನೀವೇ ಎಂದಿತ್ತು. ಹೋಗಬಾರದೆಂದು ಎರಡು ದಿನ ಕುಳಿತೆ. ಮೂರನೆಯ ದಿನ ಹೋದೆ.

ಏಳನೆಯ ಹೊಲ ಸುಣ್ಣ ಚೆಲ್ಲಿದ ಹಾಗೆ ಬಿಳುಪಾಗಿತ್ತು. ಜಾಲಿ ಬಿಟ್ಟರೆ ಹಸಿರು ಕಾಣಲಿಲ್ಲ. ಪಕ್ಕದ ಯಮನಪ್ಪನ ಹೊಲದಲ್ಲಿ ಎದೆಮಟ್ಟ ಜೋಳ ನಿಂತಿತ್ತು. ಅದರೊಳಗೆ ಕೂಲಿಯ ಹೆಂಗಸರು ಕಳೆ ತೆಗೆಯುತ್ತಿದ್ದರು. ಅವರಲ್ಲೊಬ್ಬಳು ಎದ್ದು ನಿಂತು ನನ್ನ ಕಡೆ ನೋಡಿದಳು. ಅವಳು ಮರೆವ್ವ.

ಉಳವಪ್ಪ ಕೊಳವೆಯ ಹತ್ತಿರ ಕುಳಿತಿದ್ದ. ಕೊಳವೆಗೆ ಅವತ್ತೂ ವಿಭೂತಿ ಇತ್ತು. “ಬರ್ರಿ ಅಳತಿ ಸಾಹೇಬ್ರ,” ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ. ಪಟ್ಟಿ ಬಿಟ್ಟೆ. ಬಿಟ್ಟ ಕೂಡಲೇ ಠಪ್ಪೆಂದಿತು.

“ಎಷ್ಟೈತ್ರಿ?”

“ಒಂದು ಗೇಣು.” ಪಟ್ಟಿ ಸುತ್ತಲು ಕೈ ಬರಲಿಲ್ಲ. “ಉಳವಪ್ಪಾರ, ಇದು ಕೆಟ್ಟ ನೀರ್ರಿ. ಮೊದಲನೇ ದಿನಾನೂ ಕೆಟ್ಟ ಇತ್ತು. ನನಗ ಅವತ್ತ ಗೊತ್ತಿತ್ರಿ.”

ಅವನು ನೆಲದ ಬಿಳಿಯನ್ನು ಬೆರಳಿನಿಂದ ಕೆರೆದ.

“ಯಮನಪ್ಪ ಹೇಳಿದ್ದ,” ಎಂದ. “ಅಳತಿ ಸಾಹೇಬ ನನಗ ಹಿಂಗ ಹಿಂಗ ಅಂದಾನ, ನೀನೂ ಬಸಿಗಾಲುವಿ ಬಿಚ್ಚು ಅಂತ. ನಾ ನಂಬಲಿಲ್ಲ. ನಮ್ಮನ್ಯಾಗ ಉಂಡಾಂವ ನನ್ನ ಬಿಟ್ಟು ನಿನಗ ಹೆಂಗ ಹೇಳ್ತಾನ, ಸುಳ್ಳ ಹೇಳ್ತಿ ಅಂತ ಜಗಳಾ ತಗದೆ. ಎಂಟು ವರ್ಷ ಆತು, ಅಂವಗೂ ನನಗೂ ಮಾತಿಲ್ಲ.”

ಬೈದಿದ್ದರೆ, ಕೆರ ತೆಗೆದು ಹೊಡೆದಿದ್ದರೆ ಹಗುರಾಗುತ್ತಿದ್ದೆ. “ನೀವು ಅಷ್ಟು ಖುಷಿಲೇ ಇದ್ರಿ,” ಎಂದೆ. “ತಾಟು ಮುಂದಿಟ್ಟಿದ್ರಿ. ಹೇಳಾಕ ಬಾಯಿ ಬರಲಿಲ್ರಿ.” ನನ್ನ ಮಾತು ನನಗೇ ಹೇಸಿಗೆಯಾಯಿತು.

ಅಷ್ಟರಲ್ಲಿ ಮರೆವ್ವ ಬದು ದಾಟಿ ಬಂದಳು. ಮಧ್ಯಾಹ್ನದ ಬುತ್ತಿ ಅವಳ ಕೈಯಲ್ಲಿತ್ತು. ಮಾತು ಅವಳ ಕಿವಿಗೂ ಬಿದ್ದಿರಬೇಕು. ಆದರೂ ಬುತ್ತಿ ಬಿಚ್ಚಿ, ಇದ್ದ ರೊಟ್ಟಿಗಳನ್ನು ಮುರಿದು ಮೂರು ಪಾಲು ಮಾಡಿದಳು.

ಉಳವಪ್ಪ ನನ್ನ ಪಾಲನ್ನು ನನ್ನ ಕಡೆ ಸರಿಸಿದ. ಆಮೇಲೆ ತಲೆ ಎತ್ತಿ, ನಿಜವಾಗಿಯೂ ತಿಳಿಯದೆ ಕೇಳುವವನ ಹಾಗೆ ಕೇಳಿದ.

“ಅವತ್ತ ಹೇಳಿದ್ರ ನಾವು ಊಟಕ್ಕ ಹಾಕ್ತಿದ್ದಿಲ್ಲಂತ ತಿಳಕೊಂಡಿದ್ರೇನ್ರಿ?”

ನಾನು ತಿಳಿದುಕೊಂಡಿದ್ದು ಅದನ್ನೇ.