ಐವರ ಬಾಯಿಂದ

ತೆಹ್ಮಿನಾಳ ವಿಚ್ಛೇದನದ ಮೊಕದ್ದಮೆ ಮೂರನೆಯ ವರ್ಷಕ್ಕೆ ಕಾಲಿಟ್ಟಿತ್ತು. ಗಂಡ ಜಾಲ್ ತಾಯಿಯನ್ನೂ ಹೆಂಡತಿಯನ್ನೂ ದಾದರಿನ ಪಾರ್ಸಿ ಕಾಲೊನಿಯಲ್ಲಿ ಬಿಟ್ಟು, ಬಾಂದ್ರಾದಲ್ಲಿ ಬೇರೊಬ್ಬಳ ಜೊತೆ ಮನೆ ಮಾಡಿದ್ದ. ಅವಳನ್ನು ಮದುವೆಯಾಗಲು ತುದಿಗಾಲಲ್ಲಿ ನಿಂತಿದ್ದ. ಇಬ್ಬರೂ ಒಪ್ಪಿ ಸಹಿ ಹಾಕಿದರೆ ಮಳೆಗಾಲದೊಳಗೆ ಮುಗಿಯುತ್ತದೆ ಎಂದು ವಕೀಲ ಹೊರ್ಮುಸ್ಜಿ ಹೇಳಿ ಹೇಳಿ ಸೋತಿದ್ದರು. ಒಪ್ಪದೆ ವ್ಯಾಜ್ಯಕ್ಕೆ ನಿಂತರೆ ನ್ಯಾಯಾಧೀಶರ ಪಕ್ಕ ಪಾರ್ಸಿ ಹಿರಿಯರು ಐವರು ಕೂತು ತಪ್ಪು ಯಾರದೆಂದು ಹೇಳಬೇಕು. ಆ ಐವರು ಸೇರುವುದೇ ಅಪರೂಪ.

“ನಾನೆಲ್ಲಿ ಒಪ್ಪಿದೆ, ಸಹಿ ಹಾಕೋಕೆ?” ಎಂದಳು ತೆಹ್ಮಿನಾ. “ನನ್ನ ನಾಲಿಗೆ ಉದ್ದ, ಅದಕ್ಕೇ ಗಂಡ ಓಡಿಹೋದ ಅಂತಿದೆ ಕಾಲೊನಿಯೆಲ್ಲ. ಮನೆ ಒಡೆದವಳು ನಾನಲ್ಲ ಅಂತ ನಮ್ಮೋರ ಬಾಯಿಂದಲೇ ಬರಬೇಕು.”

ನಾಲಿಗೆ ಉದ್ದ ಎಂಬುದು ಸುಳ್ಳಲ್ಲ. ಆದರೆ ನಾಲಿಗೆಗೆ ಹೆದರಿ ಗಂಡಂದಿರು ಓಡುವುದಾದರೆ ಆ ಕಾಲೊನಿಯಲ್ಲಿ ಒಂದು ಸಂಸಾರವೂ ಉಳಿಯುತ್ತಿರಲಿಲ್ಲ.

ಅಂತೂ ಐವರು ಸೇರಿದರು. ಇವರಲ್ಲಿ ಯಾರಿಗಾದರೂ ಗಂಡಹೆಂಡಿರ ಪರಿಚಯವಿದೆಯೇ ಎಂದು ನ್ಯಾಯಾಧೀಶರು ಕೇಳಿದರು. ನಾಲ್ವರು ತಲೆಯಾಡಿಸಿ ಇಲ್ಲವೆಂದರು. ಐದನೆಯವರಾದ ಅದರ್ಜಿ ಎದೆಯುಬ್ಬಿಸಿ ಎದ್ದು ನಿಂತರು.

“ಪರಿಚಯನಾ! ಇವರ ಮದುವೆ ಊಟದಲ್ಲಿ ಬಾಳೆಲೆಯಲ್ಲಿ ಸುತ್ತಿ ಬೇಯಿಸಿದ ಮೀನು ಎರಡು ಸಲ ಹಾಕಿಸ್ಕೊಂಡಿದ್ದೆ, ಸಾಹೇಬ್ರೇ. ಹುಡುಗಿ ಅಪ್ಪಟ ಬಂಗಾರ!”

ಸಭೆಯೆಲ್ಲ ನಕ್ಕಿತು. ಪರಿಚಯವಿದ್ದವರು ತೀರ್ಪಿಗೆ ಕೂರುವಂತಿಲ್ಲ, ಬದಲಿಗೆ ಬೇರೆ ಹಿರಿಯರೂ ಇಲ್ಲ. ಮೊಕದ್ದಮೆ ಮುಂದಕ್ಕೆ ಹೋಯಿತು. ಹೊಗಳಿ ಹೊಗಳಿಯೇ ಮುದುಕ ಕೆಲಸ ಕೆಡಿಸಿದ್ದ.

ಹೊರಗೆ ಹೊರ್ಮುಸ್ಜಿ ದನಿ ತಗ್ಗಿಸಿದರು. “ನಮ್ಮ ಮುಖ್ಯ ಸಾಕ್ಷಿ ನಿಮ್ಮತ್ತೆ. ವಯಸ್ಸಾಯ್ತು. ಮುಂದಿನ ಸಲ ಇವರು ಸೇರೋ ಹೊತ್ತಿಗೆ ಏನೇನೋ... ಸಹಿ ಹಾಕಿಬಿಡಮ್ಮ.”

ಪಕ್ಕದ ಬೆಂಚಿನಲ್ಲಿ ಕೋಲೂರಿ ಕೂತಿದ್ದ ಅತ್ತೆ ಬಾನುಮಾಯಿಯನ್ನು ನೋಡಿ ತೆಹ್ಮಿನಾಳ ಛಲ ಮೊದಲ ಬಾರಿಗೆ ಕರಗಿತು. ಪೆನ್ನಿಗೆ ಕೈಚಾಚಿದಳು.

“ಪೆನ್ನು ಜೇಬಿಗಿಡು, ಹೊರ್ಮುಸ್ಜಿ,” ಎಂದರು ಬಾನುಮಾಯಿ. “ಸಾಯೋದಾದ್ರೆ ನಿನಗೆ ಹೇಳೇ ಸಾಯ್ತೀನಿ.”

ಮಳೆಗಾಲ ಕಳೆಯಿತು, ಚಳಿಯೂ ಕಳೆಯಿತು. ಮತ್ತೆ ಐವರು ಸೇರಿದರು. ಈ ಸಲ ಯಾರೂ ಇವರ ಮದುವೆಯಲ್ಲಿ ಉಂಡವರಲ್ಲ. ಸೊಸೆಯ ತೋಳು ಹಿಡಿದು ಬಾನುಮಾಯಿ ಕಟಕಟೆ ಹತ್ತಿದರು.

“ನೀವು ಜಾಲ್ ಅವರ ಹೆತ್ತ ತಾಯಿ ಅಲ್ಲವೇ?” ಎಂದು ಜಾಲ್‌ನ ವಕೀಲ ಚುಚ್ಚಿದ.

“ಹೌದಪ್ಪಾ. ಅದಕ್ಕೇ ಅವನ ಸುಳ್ಳು ನನಗೆ ಬೇಗ ಗೊತ್ತಾಗತ್ತೆ. ಇವಳು ಬೈತಾಳೆ, ನಿಜ. ನನ್ನನ್ನೂ ಬೈತಾಳೆ. ಬೈತಾನೇ ಸ್ನಾನ ಮಾಡಿಸ್ತಾಳೆ, ಬೈತಾನೇ ಉಣ್ಣಿಸ್ತಾಳೆ. ಬಿಟ್ಟುಹೋದವನು ಇವನು. ಹೆತ್ತವಳು ಹೇಳ್ತಿದ್ದೀನಿ, ಬರ್ಕೊಳ್ಳಿ.”

ಜಾಲ್ ತಲೆ ತಗ್ಗಿಸಿದ. ತೆಹ್ಮಿನಾಳ ಎದೆ ಹೆಮ್ಮೆಯಿಂದ ತುಂಬಿ ಬಂತು. ಅದು ತನ್ನ ಬಗೆಗಿಂತ ಆ ಮುದುಕಿಯ ಬಗೆಗೇ ಹೆಚ್ಚು. ಐವರೂ ಒಳಗೆ ಹೋಗಿ, ಚಹಾ ಆರುವ ಮೊದಲೇ ಹೊರಬಂದು, ತಪ್ಪು ಗಂಡನದೇ ಎಂದರು. ನ್ಯಾಯಾಧೀಶರು ವಿಚ್ಛೇದನ ಕೊಟ್ಟರು. ಕೇಳಲೆಂದೇ ಬಂದಿದ್ದ ಕಾಲೊನಿಯವರತ್ತ ಅವಳು ತಿರುಗಿ, ಒಬ್ಬೊಬ್ಬರ ಮುಖವನ್ನೂ ನೆಟ್ಟಗೆ ನೋಡಿದಳು.

“ಪೂರ್ತಿ ಮುಗೀಲಿಲ್ಲಮ್ಮ,” ಎಂದರು ಹೊರ್ಮುಸ್ಜಿ ಅಳುಕುತ್ತ. “ಮೇಲ್ಮನವಿಯ ಗಡುವು ಕಳೆಯೋವರೆಗೆ ಇಬ್ಬರೂ ಬೇರೆ ಮದುವೆ ಆಗೋ ಹಾಗಿಲ್ಲ.”

ಕಂಬದ ಮರೆಯಲ್ಲಿ ಜಾಲ್ ಫೋನಿನಲ್ಲಿ ಯಾರಿಗೋ ಸಮಾಧಾನ ಹೇಳುತ್ತಿದ್ದ. ತೆಹ್ಮಿನಾ ಅತ್ತೆಯ ಸೆರಗು ಸರಿಮಾಡಿದಳು.

“ನಂದು ಇವತ್ತೇ ಮುಗೀತು, ಹೊರ್ಮುಸ್ಜಿ. ಇನ್ನು ಕಾಯೋದು ಅವನ ಪಾಡು.”